ಎರಡನೇ ಆಲ್ಬಮ್: ನಾಲ್ವರು, ಒಂದೇ ಕೋಣೆ

ಮೊದಲ ಆಲ್ಬಮ್ ಮಾಡುವಾಗ ನನ್ನ ಹಾಡಿಗಾಗಿ ಯಾರೂ ಕಾಯುತ್ತಿರಲಿಲ್ಲ. ಎರಡನೆಯದಕ್ಕೆ ಕೂತಾಗ ಒಂದಷ್ಟು ಜನ ಕಾಯುತ್ತಿದ್ದರು. ದೊಡ್ಡ ಸಂಖ್ಯೆಯೇನಲ್ಲ. ಆದರೆ ನನ್ನ ದನಿ ಹೀಗೇ ಇರುತ್ತದೆ ಎಂದು ಅವರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತಿತ್ತು. ನಾನು ಆ ಲೆಕ್ಕವನ್ನು ಬದಲಿಸಲು ಹೊರಟಿದ್ದೆ. ಆ ಆಲ್ಬಮ್ ಹೇಗೆ ತಯಾರಾಯ್ತು, ಹೊರಗೆ ಬಂದ ಮೇಲೆ ಕೇಳಿದವರು ಅದನ್ನು ಹೇಗೆ ತೆಗೆದುಕೊಂಡರು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಕಂಪನಿಯ ಬೆಂಬಲವೂ ಇಲ್ಲದೆ ಸ್ವಂತವಾಗಿ ಹಾಡು ಮಾಡುವವರಿಗೆ ಇದರಲ್ಲಿ ಕೆಲವು ಸಂಗತಿಗಳು ಉಪಯೋಗಕ್ಕೆ ಬರಬಹುದು.

ಮೊದಲ ಆಲ್ಬಮ್ ಪೂರ್ತಿ ಒಬ್ಬನೇ ಮಾಡಿದ್ದು. ಮಲಗುವ ಕೋಣೆಯಲ್ಲಿ ಮೈಕ್ ಇಟ್ಟುಕೊಂಡು, ಹೆಡ್‌ಫೋನಿನಲ್ಲಿ ಕ್ಲಿಕ್, ಅಂದರೆ ಲಯ ತಪ್ಪದಂತೆ ಎಣಿಕೆ ಹಾಕುವ ಟಿಕ್ ಟಿಕ್ ಸದ್ದು, ಕೇಳಿಸಿಕೊಳ್ಳುತ್ತಾ, ಮೊದಲು ಗಿಟಾರ್, ಆಮೇಲೆ ಬೇಸ್, ಆಮೇಲೆ ದನಿ, ಹೀಗೆ ಪದರ ಪದರವಾಗಿ ಕಟ್ಟಿದ್ದೆ. ಪಕ್ಕದವರಿಗೆ ತೊಂದರೆ ಆಗಬಾರದು ಎಂದು ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಕೂತು ಮೆಲ್ಲಗೆ ಹಾಡಿದ್ದೆ. ಒಂದೇ ದಿಕ್ಕಿನ ಶಬ್ದ ಹಿಡಿಯುವ ಕಾರ್ಡಿಯಾಯ್ಡ್ ಮೈಕುಗಳಿಗೆ ಒಂದು ಗುಣವಿದೆ. ಬಾಯಿ ಹತ್ತಿರ ಬಂದಷ್ಟೂ ಕೆಳಗಿನ, ಅಂದರೆ ಮಂದ್ರ ಸ್ಥಾಯಿಯ, ಶಬ್ದ ದಪ್ಪವಾಗುತ್ತದೆ. ಸೌಂಡ್ ಕೆಲಸದವರು ಇದನ್ನು ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುತ್ತಾರೆ. ಕಿವಿಯ ಪಕ್ಕದಲ್ಲೇ ಯಾರೋ ಹಾಡುತ್ತಿದ್ದಾರೆ ಅನ್ನಿಸುವ ಆ ದನಿ ಬಂದದ್ದು ಹಾಗೆ. ಕೇಳಿದವರು ಹೆಚ್ಚಾಗಿ ಮೆಚ್ಚಿಕೊಂಡದ್ದೂ ಅದನ್ನೇ.

ಆ ಹಾಡುಗಳನ್ನು ವೇದಿಕೆಯ ಮೇಲೆ ಹಾಡಬೇಕಾಗಿ ಬಂದಾಗ ಮೂವರು ಜೊತೆಯಾದರು. ಡ್ರಮ್ಸ್, ಬೇಸ್, ವಯಲಿನ್. ನುಡಿಸುತ್ತಾ ನುಡಿಸುತ್ತಾ ಹಾಡುಗಳು ಬದಲಾದವು. ಚರಣ ಮುಗಿದು ಪಲ್ಲವಿಗೆ ಬರುವ ಕಡೆ ಡ್ರಮ್ಸ್ ಗೆಳೆಯ ಒಂದು ಕೂದಲೆಳೆಯಷ್ಟು ತಡೆದು ಹೊಡೆಯುತ್ತಿದ್ದ. ಆ ತಡೆಯಲ್ಲಿ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ವಯಲಿನ್ ಗೆಳತಿ ನನ್ನ ಉಸಿರು ಕೇಳಿಸಿಕೊಂಡು ಬಿಲ್ಲು ಎತ್ತುತ್ತಿದ್ದಳು. ಯಾರೂ ಇದನ್ನು ಮಾತಾಡಿಕೊಂಡು ಮಾಡಿದ್ದಲ್ಲ. ಕಾರ್ಯಕ್ರಮ ಮುಗಿಸಿ ಬಂದು ಮನೆಯಲ್ಲಿ ರೆಕಾರ್ಡಿಂಗ್ ಹಾಕಿ ಕೇಳಿದರೆ ಅದೇ ಹಾಡು ಸಪ್ಪೆ ಅನ್ನಿಸತೊಡಗಿತು. ಎರಡನೇ ಆಲ್ಬಮ್ ಹೇಗಿರಬೇಕು ಎಂಬುದು ನನಗೆ ಅಲ್ಲೇ ಗೊತ್ತಾಯ್ತು. ನಾಲ್ವರೂ ಒಂದೇ ಕೋಣೆಯಲ್ಲಿ ನಿಂತು, ಒಟ್ಟಿಗೆ ನುಡಿಸಿ, ಅದನ್ನೇ ಹಿಡಿಯಬೇಕು. ಆಮೇಲೆ ಬಂದ ಒಂದೊಂದು ತೀರ್ಮಾನವೂ ಇದರ ಹಿಂದೆಯೇ ಬಂತು.

ಎರಡನೇ ಆಲ್ಬಮ್ ಕಷ್ಟ ಅಂತ ಸಂಗೀತದವರು ಹೇಳುವ ಮಾತು ಹಳೆಯದು. ಮೊದಲನೆಯದಕ್ಕೆ ಹುಟ್ಟಿದಾಗಿನಿಂದ ಕೂಡಿಟ್ಟ ಹಾಡುಗಳಿರುತ್ತವೆ, ಎರಡನೆಯದಕ್ಕೆ ಹೊಸದಾಗಿ ಬರೆಯಬೇಕು ಅನ್ನುತ್ತಾರೆ. ನನಗೆ ಬರೆಯುವುದು ಅಷ್ಟು ಕಷ್ಟವಾಗಲಿಲ್ಲ. ಆರಿಸುವುದು ಕಷ್ಟವಾಯ್ತು. ಹೊಸ ಹಾಡಿನ ಡೆಮೊಗಳನ್ನು, ಅಂದರೆ ಕರಡು ರೂಪಗಳನ್ನು, ಫೋನಿನಲ್ಲಿ ಹಾಡಿ ಮೂವರಿಗೂ ಕಳಿಸುತ್ತಿದ್ದೆ. ಡೆಮೊದಲ್ಲಿ ಗಿಟಾರ್ ಮತ್ತು ದನಿ ಬಿಟ್ಟು ಬೇರೇನೂ ಇರಬಾರದು ಎಂದು ಮೊದಲೇ ಮಾತಾಗಿತ್ತು. ನಾನೇ ಡ್ರಮ್ಸ್ ಪ್ರೋಗ್ರಾಮ್ ಮಾಡಿ ಕಳಿಸಿದರೆ ಡ್ರಮ್ಸ್ ನುಡಿಸುವವನು ಅದರ ಜಾಡು ಬಿಟ್ಟು ಹೋಗುವುದಿಲ್ಲ. ಡೆಮೊ ಕೇಳಿ ಕೇಳಿ ಅದನ್ನೇ ಪ್ರೀತಿಸಲು ಶುರು ಮಾಡಿಬಿಡುತ್ತೇವೆ, ಆಮೇಲೆ ಏನು ನುಡಿಸಿದರೂ ತಪ್ಪು ಅನ್ನಿಸುತ್ತದೆ. ಈ ಕಾಯಿಲೆ ಎಲ್ಲ ಸಂಗೀತಗಾರರಿಗೂ ಗೊತ್ತು.

ಒಂದು ಹಾಡು ಆಲ್ಬಮ್ಮಿಗೆ ಬರಬೇಕಾದರೆ ನಾಲ್ವರು ನಿಂತಲ್ಲೇ ಅದನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವಂತಿರಬೇಕು. ಅದೇ ಪರೀಕ್ಷೆ. ದನಿಯ ಮೇಲೆ ಐದಾರು ದನಿ ಪೇರಿಸಿದರೆ ಮಾತ್ರ ನಿಲ್ಲುವ ಒಂದು ಹಾಡಿತ್ತು. ನನಗೆ ತುಂಬಾ ಇಷ್ಟವಾದದ್ದು. ಅದನ್ನು ಬಿಟ್ಟೆವು. ಹಾಡು ಚೆನ್ನಾಗಿತ್ತು, ಆದರೆ ಈ ಆಲ್ಬಮ್ಮಿನದಲ್ಲ.

ಕ್ಲಿಕ್ ಬೇಕೋ ಬೇಡವೋ ಅನ್ನುವುದರ ಮೇಲೆ ದೊಡ್ಡ ಚರ್ಚೆ ನಡೆಯಿತು. ಕ್ಲಿಕ್ ಇದ್ದರೆ ಅನುಕೂಲ ಬಹಳ. ಒಂದು ಟೇಕಿನ, ಅಂದರೆ ಒಂದು ಸಲ ನುಡಿಸಿ ಹಿಡಿದದ್ದರ, ಚರಣವನ್ನು ಇನ್ನೊಂದು ಟೇಕಿನ ಪಲ್ಲವಿಗೆ ಅಂಟಿಸಬಹುದು. ಲಯ ಜಾರುವುದಿಲ್ಲ. ಬೇಸ್ ನುಡಿಸುವ ಗೆಳೆಯ ಕ್ಲಿಕ್ ಇರಲಿ ಎಂದ. ಡ್ರಮ್ಸ್ ಗೆಳೆಯ ಒಪ್ಪಲೇ ಇಲ್ಲ. “ಆ ಟಿಕ್ ಟಿಕ್ ತೆಗೆದುಬಿಡೋ. ಅದನ್ನು ಕೇಳಿಸಿಕೊಂಡು ನುಡಿಸಿದರೆ ನಿನ್ನನ್ನು ಯಾರು ಕೇಳಿಸಿಕೊಳ್ಳೋದು?” ಎಂದ. ಕೊನೆಗೆ ಹಾಡು ಶುರುವಾಗುವ ಮುಂಚೆ ನಾಲ್ಕು ಎಣಿಕೆ ಮಾತ್ರ ಕ್ಲಿಕ್ ಕೇಳಿಸಿಕೊಂಡು, ಆಮೇಲೆ ಅದನ್ನು ನಿಲ್ಲಿಸಿಬಿಡುವುದು ಎಂದಾಯ್ತು. ಹೀಗೆ ಮಾಡಿದ್ದರಿಂದ ಒಂದು ಹಾಡು ನಿಮಿಷಕ್ಕೆ 76 ಬೀಟಿನಲ್ಲಿ ಶುರುವಾಗಿ ಕೊನೆಯ ಪಲ್ಲವಿಗೆ 80ರ ಹತ್ತಿರ ಬಂದು ನಿಂತಿದೆ. ಕೇಳುವವರಿಗೆ ವೇಗ ಜಾಸ್ತಿ ಆಯ್ತು ಅನ್ನಿಸುವುದಿಲ್ಲ. ಹಾಡು ಮುಂದಕ್ಕೆ ಬಾಗಿತು ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದು ಆಲ್ಬಮ್ಮಿನ ಒಳ್ಳೆಯ ಗಳಿಗೆಗಳಲ್ಲಿ ಒಂದು.

ರಿಹರ್ಸಲ್ ನನ್ನ ಕೋಣೆಯಲ್ಲೇ ನಡೆಯುತ್ತಿತ್ತು. ಅಲ್ಲಿ ಬೇಸ್ ಗಿಟಾರಿನ ಒಂದು ಸ್ವರ, ಕೆಳಗಿನ ಜಿ, ಬಂದಾಗಲೆಲ್ಲ ಕೋಣೆ ಗುಂಯ್ ಅನ್ನುತ್ತಿತ್ತು. ಪಕ್ಕದ ಸ್ವರಗಳು ಸುಮ್ಮನಿರುತ್ತಿದ್ದವು. ನುಡಿಸುವವನ ಬೆರಳಿಗೂ ಇದಕ್ಕೂ ಸಂಬಂಧವಿರಲಿಲ್ಲ, ಇದು ಕೋಣೆಯ ಅಳತೆಯ ಆಟ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕೋಣೆಯ ಉದ್ದ 3.4 ಮೀಟರ್ ಇದ್ದರೆ 50 ಹರ್ಟ್ಜ್ ಹತ್ತಿರದ ಶಬ್ದ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತು ಉಬ್ಬಿಕೊಳ್ಳುತ್ತದೆ. ಬೇಸಿನ ಆ ಜಿ ಸ್ವರ 49 ಹರ್ಟ್ಜ್. ಇಂಥ ಕೋಣೆಯಲ್ಲಿ ಮಿಕ್ಸ್ ಮಾಡಿದರೆ, ಅಂದರೆ ಎಲ್ಲ ವಾದ್ಯ ಮತ್ತು ದನಿಯನ್ನು ಹದವಾಗಿ ಕೂಡಿಸಿದರೆ, ಬೇಸ್ ಜಾಸ್ತಿ ಇದೆ ಎಂದುಕೊಂಡು ಇಳಿಸುತ್ತೇವೆ, ಹೊರಗೆ ಕೇಳಿದವರಿಗೆ ಹಾಡಿಗೆ ಬುಡವೇ ಇಲ್ಲ ಅನ್ನಿಸುತ್ತದೆ. ಮೂಲೆಗಳಿಗೆ ಮಿನರಲ್ ವೂಲ್ ತುಂಬಿದ ದಪ್ಪ ಪ್ಯಾನೆಲ್ ನಿಲ್ಲಿಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಗೋಡೆಗೆ ತೆಳುವಾದ ಫೋಮ್ ಅಂಟಿಸಿ ಇದಕ್ಕೆ ಪರಿಹಾರ ಸಿಕ್ಕಿತು ಎಂದುಕೊಳ್ಳುವವರು ಬಹಳ. ಫೋಮ್ ಮೇಲಿನ ಸ್ಥಾಯಿಯ ಶಬ್ದವನ್ನು ಹೀರುತ್ತದೆ, ಬೇಸಿನ ತಂಟೆಗೆ ಹೋಗುವುದಿಲ್ಲ.

ಹಾಗಾಗಿ ರೆಕಾರ್ಡಿಂಗಿಗೆ ದೊಡ್ಡ ಹಾಲ್ ಇರುವ ಸ್ಟುಡಿಯೊ ಬಾಡಿಗೆಗೆ ತೆಗೆದುಕೊಂಡೆವು. ಮೊದಲ ಆಲ್ಬಮ್ಮಿನಿಂದ ಬಂದಿದ್ದ ಹಣವೆಲ್ಲ ಅಲ್ಲಿಗೇ ಹೋಯಿತು, ಕೈಯಿಂದ ಇನ್ನಷ್ಟು ಹಾಕಿದೆ. ಹಾಲಿನಲ್ಲಿ ಸಾಮಾನ್ಯವಾಗಿ ಡ್ರಮ್ಸ್ ಒಂದು ಕಡೆ, ಹಾಡುವವರು ಗಾಜಿನ ಬೂತಿನೊಳಗೆ. ನಾವು ಬೂತ್ ಬೇಡ ಎಂದೆವು. ಎಂಜಿನಿಯರ್ ನಮಗಿಂತ ತುಂಬಾ ಹಿರಿಯರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಡ್ರಮ್ಸ್ ಶಬ್ದ ನಿನ್ನ ದನಿಯ ಮೈಕಿಗೆ ಬರುತ್ತೆ. ಆಮೇಲೆ ತೆಗೆಯೋಕಾಗಲ್ಲ. ಪರವಾಗಿಲ್ವಾ?”

“ಪರವಾಗಿಲ್ಲ ಅಣ್ಣಾ, ಅದೇ ಬೇಕು” ಎಂದೆ.

“ಹಾಗಾದ್ರೆ ಬರೋ ಶಬ್ದ ಚೆನ್ನಾಗಿ ಬರೋ ಹಾಗೆ ಮಾಡೋಣ” ಎಂದು ಅವರು ಎದ್ದು ನಿಂತು ಕೆಲಸ ಶುರು ಮಾಡಿದರು. ಆ ಮಾತಿನಲ್ಲಿ ಇಡೀ ರೆಕಾರ್ಡಿಂಗಿನ ಗುಟ್ಟಿತ್ತು.

ಒಂದು ವಾದ್ಯದ ಶಬ್ದ ಇನ್ನೊಂದರ ಮೈಕಿಗೆ ಸೋರುವುದನ್ನು ಬ್ಲೀಡ್ ಅನ್ನುತ್ತಾರೆ. ಇದು ಬಂದರೇ ಕೆಟ್ಟದ್ದು ಎಂದು ನಾನು ಮೊದಲು ತಿಳಿದಿದ್ದೆ, ಅಣ್ಣ ಅದನ್ನು ಬಿಡಿಸಿ ಹೇಳಿದರು. ಕೆಡುವುದು ಎಲ್ಲಿ ಅಂದರೆ, ಅದೇ ಶಬ್ದ ಎರಡು ಮೈಕಿಗೆ ಸ್ವಲ್ಪ ಹಿಂದುಮುಂದಾಗಿ ಬಂದು, ಎರಡನ್ನೂ ಕೂಡಿಸಿದಾಗ ಕೆಲವು ತರಂಗಗಳು ಒಂದನ್ನೊಂದು ಅಳಿಸಿಬಿಟ್ಟಾಗ. ಶಬ್ದಕ್ಕೆ ಒಂದು ಮೀಟರ್ ದಾಟಲು ಹೆಚ್ಚು ಕಡಿಮೆ 3 ಮಿಲಿಸೆಕೆಂಡ್ ಬೇಕು. ಎರಡು ಮೈಕುಗಳ ನಡುವಿನ ದೂರ, ವಾದ್ಯಕ್ಕೂ ಅದರ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಇದ್ದರೆ ಈ ಕಾಟ ಬಹುಪಾಲು ತಗ್ಗುತ್ತದೆ. ಹಳೆಯ ನಿಯಮ, ಈಗಲೂ ಕೆಲಸ ಮಾಡುತ್ತದೆ. ಅಣ್ಣ ಟೇಪ್ ಹಿಡಿದು ಅಳೆದರು. ವಯಲಿನ್ನನ್ನು ಡ್ರಮ್ಸಿನಿಂದ ದೂರ ಸರಿಸಿದರು. ನೆಲಕ್ಕೆ ದಪ್ಪ ಕಂಬಳಿ ಹಾಸಿದರು. ವಯಲಿನ್ ಮೈಕಿಗೆ ಡ್ರಮ್ಸ್ ದೂರದಿಂದ ಕೇಳುವ ಹಾಗೆ, ಕೋಣೆಯ ಗಾಳಿಯ ಜೊತೆ ಬರುವಂತಾಯ್ತು. ಆ ಶಬ್ದವನ್ನು ಕಂಪ್ಯೂಟರಿನಲ್ಲಿ ಕೋಣೆಯ ಗುಂಗು ಸೇರಿಸುವ ಯಾವ ರೆವರ್ಬ್ ಪ್ಲಗಿನ್ನೂ ಕೊಡಲಾರದು.

ದನಿಗೆ ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಇಡುವ ದುಬಾರಿ ಕಂಡೆನ್ಸರ್ ಮೈಕ್ ಇಡಲಿಲ್ಲ. ವೇದಿಕೆಯ ಮೇಲೆ ಎಲ್ಲರೂ ಬಳಸುವ ಶೂರ್ ಎಸ್‌ಎಂ58 ಇಟ್ಟರು. 1966ರಿಂದ ಬರುತ್ತಿರುವ ಮೈಕ್ ಅದು. ಸ್ಟುಡಿಯೊದಲ್ಲಿ ಕೆಲವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನ ಶಬ್ದ ಎಲ್ಲಕ್ಕಿಂತ ಕಡಿಮೆ ಕೇಳುತ್ತದೆ. ಹಾಗಾಗಿ ಮೈಕಿನ ಬೆನ್ನು ಡ್ರಮ್ಸಿನ ಕಡೆ ಬರುವಂತೆ ಇಟ್ಟು, ನಾನು ಡ್ರಮ್ಸಿಗೆ ಮುಖ ಮಾಡಿ ನಿಂತೆ. ಇದರಿಂದ ಇನ್ನೊಂದು ಲಾಭವಾಯ್ತು. ನಾನು ಮತ್ತು ಡ್ರಮ್ಸ್ ಗೆಳೆಯ ಪೂರ್ತಿ ಆಲ್ಬಮ್ಮನ್ನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಗಿಸಿದೆವು.

ಹೀಗೆ ರೆಕಾರ್ಡ್ ಮಾಡಿದಾಗ ತೇಪೆ ಹಾಕಲು ಜಾಗವಿರುವುದಿಲ್ಲ. ಒಂದು ಸಾಲು ಇನ್ನೂ ಚೆನ್ನಾಗಿ ಹಾಡಬಹುದಿತ್ತು ಅನ್ನಿಸಿದರೆ ಆ ಸಾಲನ್ನು ಮಾತ್ರ ಬದಲಿಸಲು ಬರುವುದಿಲ್ಲ. ಯಾಕೆಂದರೆ ಹಳೆಯ ದನಿ ವಯಲಿನ್ ಮೈಕಿನಲ್ಲೂ ಇದೆ, ಡ್ರಮ್ಸಿನ ಮೇಲಿನ ಮೈಕುಗಳಲ್ಲೂ ಇದೆ. ಒಬ್ಬರಿಗೆ ಸರಿ ಅನ್ನಿಸದಿದ್ದರೆ ನಾಲ್ವರೂ ಮತ್ತೆ ಮೊದಲಿನಿಂದ. ಕೇಳಲು ಇದು ಶಿಕ್ಷೆಯ ಹಾಗಿದೆ, ಅಲ್ವಾ? ಆದರೆ ಕೋಣೆಯೊಳಗೆ ಅದು ಬೇರೆಯೇ ಒಂದು ಎಚ್ಚರ ತಂದಿತು. ನನ್ನ ಭಾಗ ಮುಗಿಯಿತು ಎಂದು ಯಾರೂ ಫೋನ್ ನೋಡುತ್ತಾ ಕೂರುವಂತಿರಲಿಲ್ಲ. ಟೇಕ್ ಆರಿಸುವಾಗಲೂ ಯಾರ ಭಾಗ ಎಷ್ಟು ಚೆನ್ನಾಗಿದೆ ಅನ್ನುವ ಪ್ರಶ್ನೆ ಬರಲಿಲ್ಲ. ಹಾಡು ಯಾವುದರಲ್ಲಿ ಬದುಕಿದೆ ಅನ್ನುವುದೊಂದೇ ಪ್ರಶ್ನೆ. ನನ್ನ ದನಿ ಹೆಚ್ಚು ಶುದ್ಧವಾಗಿದ್ದ ಟೇಕನ್ನು ಬಿಟ್ಟು, ನಾಲ್ವರೂ ಒಂದೇ ಕಡೆ ಮೆಲ್ಲಗಾದ ಟೇಕನ್ನು ಇಟ್ಟುಕೊಂಡದ್ದುಂಟು. ಅದಕ್ಕೆ ನನಗೆ ಖುಷಿಯಿದೆ.

ಮಿಕ್ಸಿಂಗಿನಲ್ಲಿ ಅಣ್ಣ ಗೇಟ್ ಮುಟ್ಟಲಿಲ್ಲ. ಗೇಟ್ ಅಂದರೆ ಶಬ್ದ ಒಂದು ಮಟ್ಟಕ್ಕಿಂತ ಕೆಳಗೆ ಇಳಿದಾಗ ಮೈಕನ್ನು ಮುಚ್ಚಿಬಿಡುವ ಸಾಧನ. “ಗೇಟ್ ಹಾಕಿದ್ರೆ ಕೋಣೆಯ ಶಬ್ದ ಬಂದು ಹೋಗಿ ಮಾಡುತ್ತೆ, ಕಿವಿಗೆ ಕಿರಿಕಿರಿ” ಅನ್ನುವುದು ಅವರ ಮಾತು. ಅವರು ಬಹುಪಾಲು ಕೆಲಸವನ್ನು ಮೆಲ್ಲನೆಯ ಶಬ್ದದಲ್ಲೇ ಮಾಡುತ್ತಿದ್ದರು. ಶಬ್ದ ಜೋರಾದಷ್ಟೂ ನಮ್ಮ ಕಿವಿಗೆ ಕೆಳಗಿನ ಮತ್ತು ಮೇಲಿನ ಸ್ಥಾಯಿಯ ಶಬ್ದಗಳು ಹೆಚ್ಚು ತುಂಬಿ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಜೋರಾಗಿ ಕೇಳಿದರೆ ಎಂಥ ಮಿಕ್ಸೂ ಚೆನ್ನಾಗಿದೆ ಅನ್ನಿಸುತ್ತದೆ. ಪಕ್ಕದವರ ಜೊತೆ ಮಾತಾಡಬಹುದಾದಷ್ಟು ಮೆಲ್ಲಗೆ ಇಟ್ಟುಕೊಂಡಾಗಲೂ ದನಿ, ಲಯ, ಬೇಸ್ ಮೂರೂ ಕೈಗೆ ಸಿಗುವಂತಿದ್ದರೆ ಮಿಕ್ಸ್ ನಿಂತಿದೆ ಎಂದರ್ಥ.

ಫೋನಿನ ಸ್ಪೀಕರಿನ ವಿಷಯ ನನಗೆ ಹೊಸದಾಗಿತ್ತು. ಅಷ್ಟು ಸಣ್ಣ ಸ್ಪೀಕರ್ 49 ಹರ್ಟ್ಜ್ ಶಬ್ದ ಹೊರಡಿಸುವುದೇ ಇಲ್ಲ. ಆದರೂ ಬೇಸ್ ಕೇಳಿದ ಹಾಗೆ ಆಗುವುದಕ್ಕೆ ಕಾರಣ ನಮ್ಮ ಮಿದುಳು. ಆ ಸ್ವರದ ಮೇಲಿನ ಹಾರ್ಮೋನಿಕ್‌ಗಳು, ಅಂದರೆ 98, 147 ಹರ್ಟ್ಜ್ ಮತ್ತು ಅದರ ಮೇಲಿನವು ಕೇಳಿದರೆ ಸಾಕು, ಇಲ್ಲದ ಬುಡವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅಣ್ಣ ಬೇಸ್ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್, ಅಂದರೆ ಶಬ್ದವನ್ನು ಬೇಕೆಂದೇ ತುಸು ಒರಟು ಮಾಡುವ ಎಫೆಕ್ಟ್, ಹಾಕಿ ಆ ಮೇಲಿನ ಸ್ವರಗಳನ್ನು ಎಬ್ಬಿಸಿದರು. ಬೇಸ್ ಗೆಳೆಯ ತನ್ನ ಫೋನಿನಲ್ಲಿ ತನ್ನ ನುಡಿಸಾಣಿಕೆಯನ್ನು ಮೊದಲ ಸಲ ಕೇಳಿಸಿಕೊಂಡು ಎದ್ದು ಕುಣಿದ.

ಮಾಸ್ಟರಿಂಗಿನಲ್ಲಿ, ಅಂದರೆ ಮಿಕ್ಸ್ ಆದ ಹಾಡುಗಳನ್ನು ರಿಲೀಸಿಗೆ ಕೊನೆಯದಾಗಿ ಹದ ಮಾಡುವಾಗ, ಒಂದೇ ಹಟ ಹಿಡಿದೆ. ಮೆಲ್ಲಗಿನ ಹಾಡು ಮೆಲ್ಲಗೇ ಇರಬೇಕು. ಹಾಡನ್ನು ಹಿಂಡಿ ಹಿಂಡಿ ಜೋರು ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ, ಆದರೆ ಅದರಿಂದ ಈಗ ಸಿಗುವುದು ಕಡಿಮೆ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ನುಡಿಸುತ್ತದೆ; ಎಲ್‌ಯುಎಫ್‌ಎಸ್ ಅಂದರೆ ಹಾಡು ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ. ಅದಕ್ಕಿಂತ ಜೋರಾಗಿ ಕೊಟ್ಟದ್ದನ್ನು ಇಳಿಸಿಬಿಡುತ್ತದೆ. ಹಿಂಡಿದ್ದರಿಂದ ಕಳೆದುಕೊಂಡದ್ದು ಮಾತ್ರ ವಾಪಸ್ ಬರುವುದಿಲ್ಲ. ಇನ್ನೊಂದು ಒಳ್ಳೆಯ ಸಂಗತಿ ಇದೆ. ಆಲ್ಬಮ್ಮನ್ನು ಸಾಲಾಗಿ ಕೇಳಿದರೆ ಇಡೀ ಆಲ್ಬಮ್ಮಿಗೆ ಸೇರಿ ಒಂದೇ ಅಳತೆಯಲ್ಲಿ ಏರಿಸುವುದೋ ಇಳಿಸುವುದೋ ಮಾಡುತ್ತದೆ. ಹಾಡಿಗೂ ಹಾಡಿಗೂ ಇರುವ ಜೋರು-ಮೆಲ್ಲಗಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಪ್ಲೇಲಿಸ್ಟಿನಲ್ಲಿ ಬೇರೆಯವರ ಹಾಡಿನ ಪಕ್ಕ ಬಂದರೆ ಆ ವ್ಯತ್ಯಾಸ ಹೋಗುತ್ತದೆ. ಕ್ರಮವಾಗಿ ಕೇಳುವವರಿಗಾಗಿ ನಾವು ಮಾಸ್ಟರ್ ಮಾಡಿಸಿದೆವು.

ಆಲ್ಬಮ್ ಎರಡು ಪಾಲಾಗಿದೆ. 1948ರಲ್ಲಿ ಎಲ್‌ಪಿ, ಅಂದರೆ ಉದ್ದ ಹೊತ್ತು ನುಡಿಯುವ ಗ್ರಾಮಫೋನ್ ತಟ್ಟೆ, ಬಂದಾಗ ಒಂದು ಬದಿಗೆ ಸುಮಾರು 22 ನಿಮಿಷದಷ್ಟು ಸಂಗೀತ ಹಿಡಿಯುತ್ತಿತ್ತು. ಬದಿ ಮುಗಿದಾಗ ಎದ್ದು ತಿರುಗಿಸಿ ಹಾಕಬೇಕಿತ್ತು. ನಾವು ಎಲ್‌ಪಿ ಒತ್ತಿಸಲಿಲ್ಲ, ಅಷ್ಟು ಹಣ ಇರಲಿಲ್ಲ. ಆದರೂ ಆ ಅಳತೆ ನನಗೆ ಹಿಡಿಸಿತು. ಮೊದಲ ಪಾಲಿನಲ್ಲಿ ನಾಲ್ವರೂ ತುಂಬಿ ನುಡಿಸುವ ಹಾಡುಗಳು. ಎರಡನೇ ಪಾಲಿನಲ್ಲಿ ಒಂದೊಂದೇ ವಾದ್ಯ ಹಿಂದೆ ಸರಿಯುತ್ತಾ ಹೋಗುತ್ತದೆ. ಈ ಎರಡನೇ ಪಾಲಿನ ಮಾತು ಆಮೇಲೆ ಬರುತ್ತದೆ.

ರಿಲೀಸಿನ ಕಾಗದಪತ್ರದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ರೆಕಾರ್ಡಿಂಗಿಗೂ 12 ಅಕ್ಷರ-ಅಂಕಿಗಳ ಒಂದು ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ರೆಕಾರ್ಡಿಂಗಿನ ಗುರುತಿನ ಸಂಖ್ಯೆ, ಬೇಕು. ಹಾಡನ್ನು ಸ್ಪಾಟಿಫೈನಂಥ ಕಡೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರ್ ಬದಲಿಸಿದರೂ ಆ ಸಂಖ್ಯೆ ಬದಲಾಗಬಾರದು. ಹಾಡು ಬರೆದವರ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಬರೆದವನು ನಾನು. ರೆಕಾರ್ಡಿಂಗಿನಲ್ಲಿ ನಾಲ್ವರಿಗೂ ಸಮಪಾಲು. ಇದನ್ನು ಸ್ಟುಡಿಯೊಗೆ ಹೋಗುವ ಮುಂಚೆಯೇ ಕಾಗದದ ಮೇಲೆ ಬರೆದು ಸಹಿ ಹಾಕಿದೆವು. ಗೆಳೆಯರ ನಡುವೆ ಕಾಗದ ಯಾಕೆ ಎಂದು ಕೇಳುವವರಿದ್ದಾರೆ. ಗೆಳೆತನ ಉಳಿಯಲಿ ಅಂತಲೇ ಕಾಗದ. ಸ್ಪಾಟಿಫೈನ ಪ್ಲೇಲಿಸ್ಟ್ ಮಾಡುವವರಿಗೆ ಹಾಡು ಬರುವ ಮುಂಚೆಯೇ ಕೇಳಿಸಲು ಅವಕಾಶವಿದೆ, ಆದರೆ ಒಂದು ಸಲಕ್ಕೆ ಒಂದೇ ಹಾಡು. ರಿಲೀಸಿಗೆ ಕನಿಷ್ಠ 7 ದಿನ ಮುಂಚೆ ಕಳಿಸಬೇಕು ಅನ್ನುತ್ತಾರೆ, ಇನ್ನೂ ಬೇಗ ಕಳಿಸಿದಷ್ಟೂ ಒಳ್ಳೆಯದು. 2015ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್‌ಗಳು ಶುಕ್ರವಾರ ಬರುತ್ತವೆ. ನಮ್ಮದೂ ಶುಕ್ರವಾರವೇ ಬಂತು.

ಯಾವ ಹಾಡನ್ನು ಮೊದಲು ಬಿಡಬೇಕು ಅನ್ನುವಾಗ ಒಂದು ಒತ್ತಡ ಬಂತು. ನಾವು ಆರಿಸಿದ ಹಾಡಿನಲ್ಲಿ ದನಿ ಬರುವ ಮುಂಚೆ ವಯಲಿನ್ ಮತ್ತು ಗಿಟಾರ್ ಹೆಚ್ಚು ಕಡಿಮೆ ಒಂದು ನಿಮಿಷ ನುಡಿಯುತ್ತವೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಅದು ಒಂದು ಸ್ಟ್ರೀಮ್ ಎಂದು ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ದನಿ ಬರಲೇಬೇಕು, ಮೊದಲ ಭಾಗ ಕತ್ತರಿಸಿ ಒಂದು ಚಿಕ್ಕ ರೂಪ ಮಾಡು ಎಂದು ಒಳ್ಳೆಯ ಮನಸ್ಸಿನಿಂದಲೇ ಹಲವರು ಹೇಳಿದರು. ನಾನು ಮಾಡಲಿಲ್ಲ. ಆ ಒಂದು ನಿಮಿಷದಲ್ಲಿ ವಯಲಿನ್ ನುಡಿಸುವುದು ಪಲ್ಲವಿಯ ರಾಗವನ್ನೇ, ಅರ್ಧ ವೇಗದಲ್ಲಿ. ದನಿ ಬಂದಾಗ ಕೇಳುವವರಿಗೆ ಈ ರಾಗ ಎಲ್ಲೋ ಕೇಳಿದ್ದೇನೆ ಅನ್ನಿಸಬೇಕು. ಅದನ್ನು ಕತ್ತರಿಸಿದರೆ ಪಲ್ಲವಿ ಬರುತ್ತದೆ, ಗುರುತು ಹಿಡಿದ ಖುಷಿ ಬರುವುದಿಲ್ಲ.

ಇನ್ನು ಕೇಳಿದವರ ಮಾತು. ಮೊದಲು ಬಂದದ್ದು ಹಳೆಯ ಕೇಳುಗರ ಬೇಸರ. “ಮೊದಲಿನ ಹಾಗೆ ಕಿವಿ ಹತ್ತಿರ ಹಾಡುತ್ತಿಲ್ಲ, ಎಲ್ಲೋ ದೂರ ನಿಂತಿದ್ದೀರಿ” ಎಂದು ಒಬ್ಬರು ಬರೆದರು. ಇದೇ ಅರ್ಥದ ಮಾತು ಇನ್ನೂ ಕೆಲವರಿಂದ ಬಂತು. ಓದಿ ನೋವಾಯ್ತು, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ನಾನು ನಿಜವಾಗಿಯೂ ದೂರ ನಿಂತಿದ್ದೆ. ಮೈಕಿಗೆ ಅಂಟಿಕೊಂಡು ಪಿಸುಗುಟ್ಟುವುದನ್ನು ಬಿಟ್ಟು, ಡ್ರಮ್ಸ್ ನುಡಿಯುತ್ತಿರುವ ಕೋಣೆಯಲ್ಲಿ ಕೇಳಿಸುವಷ್ಟು ಗಂಟಲು ತೆರೆದಿದ್ದೆ. ಅವರಿಗೆ ಉತ್ತರ ಬರೆದೆ. ಹೊಸದನ್ನು ಒಪ್ಪಿಕೊಳ್ಳಿ ಎಂದು ಕೇಳಲಿಲ್ಲ. ಹೇಗೆ ರೆಕಾರ್ಡ್ ಮಾಡಿದೆವು, ಯಾಕೆ ಹಾಗೆ ಮಾಡಿದೆವು ಎಂದು ಹೇಳಿದೆ. ಕೆಲವರು ಮತ್ತೆ ಕೇಳಿ ನೋಡುತ್ತೇವೆ ಎಂದರು. ಒಬ್ಬರು ತಮಗೆ ಮೊದಲನೆಯದೇ ಇಷ್ಟ, ಅದನ್ನೇ ಕೇಳುತ್ತಿರುತ್ತೇನೆ ಎಂದರು. ಅದೂ ನನ್ನದೇ ಹಾಡು, ಅದರಲ್ಲಿ ಬೇಸರವೇನಿಲ್ಲ.

ಒಂದು ವಿಮರ್ಶೆ ಬಂತು, ಉದ್ದವಾಗಿ, ಗಮನ ಕೊಟ್ಟು ಬರೆದದ್ದು. ಮೊದಲ ಪಾಲನ್ನು ತುಂಬಾ ಮೆಚ್ಚಿದ್ದರು. ಹಾಡಿನ ಲಯ ಕೊನೆಯಲ್ಲಿ ಮುಂದಕ್ಕೆ ಬಾಗುವುದನ್ನು ಕಿವಿಯಲ್ಲೇ ಹಿಡಿದು ಬರೆದಿದ್ದರು. ನಮ್ಮಂಥವರಿಗೆ ಇಷ್ಟು ಸೂಕ್ಷ್ಮವಾಗಿ ಕೇಳುವ ವಿಮರ್ಶಕರು ಸಿಗುವುದು ಅಪರೂಪ. ಆದರೆ ಎರಡನೇ ಪಾಲು ಸುಸ್ತಾಗಿದೆ, ಹಾಡುಗಳ ವೇಗ ಒಂದೇ ಥರ ಇದೆ, ಶಕ್ತಿ ಸೋರಿ ಹೋಗುತ್ತದೆ ಎಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ವೇಗ ಒಂದೇ ಥರ ಇರುವುದು ನಿಜ. ಅದು ಬೇಕೆಂದೇ ಇಟ್ಟದ್ದು. ಲಯ ಬದಲಾಗುತ್ತಿದ್ದರೆ ಕಿವಿ ಅದರ ಹಿಂದೆ ಹೋಗುತ್ತದೆ. ಲಯ ನಿಂತಿದ್ದರೆ ಮಾತ್ರ ವಾದ್ಯಗಳು ಒಂದೊಂದಾಗಿ ಹಿಂದೆ ಸರಿಯುವುದು ಕೇಳಿಸುತ್ತದೆ. ಡ್ರಮ್ಸ್ ನಿಂತ ಮೇಲೂ ಆ ಎಣಿಕೆ ಕೇಳುವವರ ಒಳಗೆ ನಡೆಯುತ್ತಿರಬೇಕು. ವಿಮರ್ಶಕರಿಗೆ ಧನ್ಯವಾದ ಹೇಳಿ ಬರೆದೆ, ವಾದ ಮಾಡಲಿಲ್ಲ. ಅವರ ಕೆಲಸ ಅವರು ಚೆನ್ನಾಗಿ ಮಾಡಿದ್ದರು.

ಅಂಕಿಗಳೂ ಒಂದು ಥರದ ಪ್ರತಿಕ್ರಿಯೆಯೇ. ಅವು ಹೇಳುವುದು ಸ್ವಲ್ಪ, ಆದರೆ ಹೇಳುತ್ತವೆ. ಯೂಟ್ಯೂಬಿನಲ್ಲಿ ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಎಂದು ಗೆರೆ ಎಳೆದು ತೋರಿಸುತ್ತಾರೆ. ಉದ್ದದ ಆರಂಭವಿದ್ದ ಹಾಡಿನ ಗೆರೆ ಮೊದಲ ಅರ್ಧ ನಿಮಿಷದಲ್ಲಿ ಜೋರಾಗಿ ಇಳಿದಿತ್ತು. ಮೊದಲ ಭಾಗ ಕತ್ತರಿಸು ಎಂದವರು ಸುಮ್ನೆ ಹೇಳಿರಲಿಲ್ಲ. ಆದರೆ ದನಿ ಬಂದ ಮೇಲೆ ಆ ಗೆರೆ ಹೆಚ್ಚು ಕಡಿಮೆ ಸಮವಾಗಿ ಕೊನೆಯವರೆಗೆ ಹೋಗಿತ್ತು. ನಿಂತವರು ಪೂರ್ತಿ ನಿಂತಿದ್ದರು. ನನ್ನ ಬೇರೆ ಯಾವ ಹಾಡಿನಲ್ಲೂ ಹಾಗೆ ಆಗಿಲ್ಲ.

ಹಣದ ಲೆಕ್ಕದಲ್ಲಿ ಹೇಳುವುದಾದರೆ, 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸ್ಟ್ರೀಮ್ ದಾಟದಿದ್ದರೆ ಅದರ ರೆಕಾರ್ಡಿಂಗಿಗೆ ದುಡ್ಡು ಬರುವುದಿಲ್ಲ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ. ಆಲ್ಬಮ್ಮಿನ ಎರಡನೇ ಪಾಲಿನಲ್ಲಿ ಮೆಲ್ಲಗಿನ ಹಾಡು ಇಡುವ ನಮ್ಮಂಥವರಿಗೆ ತಾಗುತ್ತದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಸಣ್ಣ ಮೊತ್ತವಾದರೂ ಅದು ಯಾರೋ ಕೇಳಿದ್ದಕ್ಕೆ ಬಂದ ಮೊತ್ತ. ಸ್ಟುಡಿಯೊ ಬಾಡಿಗೆಯ ಒಂದು ಭಾಗ ನಮಗೆ ವಾಪಸ್ ಬಂದದ್ದು, ಕೇಳುಗರಿಗೆ ನೇರವಾಗಿ ಆಲ್ಬಮ್ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಿಂದ. ಅಲ್ಲಿ ಡಿಜಿಟಲ್ ಆಲ್ಬಮ್ ಮಾರಾಟದಲ್ಲಿ ಅವರು 15 ಶೇಕಡಾ ಇಟ್ಟುಕೊಳ್ಳುತ್ತಾರೆ, ಹಣ ಪಾವತಿಯ ಖರ್ಚು ಬೇರೆ. ಉಳಿದದ್ದು ನಮಗೆ. ಕೆಲವರು ಹೇಳಿದ ಬೆಲೆಗಿಂತ ಜಾಸ್ತಿ ಕೊಟ್ಟು ಕೊಂಡರು, ಎರಡು ಸಾಲು ಬರೆದೂ ಹೋದರು. ಕೊಂಡವರಲ್ಲಿ ಬಹಳ ಜನ ಇಷ್ಟವಾದ ಹಾಡು ಎಂದು ಎತ್ತಿ ಹೇಳಿದ್ದು ಎರಡನೇ ಪಾಲಿನ ಹಾಡುಗಳನ್ನು. ಇದನ್ನು ಓದುವಾಗ ಆ ವಿಮರ್ಶೆ ನೆನಪಾಯ್ತು, ಮನಸ್ಸಿಗೆ ಸಮಾಧಾನವಾಯ್ತು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಪ್ರತಿಕ್ರಿಯೆ ಸೌಂಡ್ ಎಂಜಿನಿಯರಿಂಗ್ ಕಲಿಯುತ್ತಿರುವ ಒಬ್ಬ ಹುಡುಗಿಯದು. ಆರಂಭದ ವಯಲಿನ್ ಹಿಂದೆ ಡ್ರಮ್ಸ್ ಹುಡುಗ ಕೋಲು ಎತ್ತಿಕೊಳ್ಳುವ ಸದ್ದು ಕೇಳುತ್ತದೆ, ಅದನ್ನು ಬೇಕೆಂದೇ ಬಿಟ್ಟಿರಾ ಎಂದು ಕೇಳಿದ್ದಳು. ಅದು ಕೇಳಿಸಿತಲ್ಲ ಎಂದು ನಾಲ್ವರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಬ್ಲೀಡ್ ಇರುವ ಟ್ರ್ಯಾಕುಗಳನ್ನು ಮಿಕ್ಸ್ ಮಾಡುವುದು ಹೇಗೆ ಎಂದು ಅವಳಿಗೆ ಕಲಿಯಬೇಕಿತ್ತು. ಗೆಳೆಯರನ್ನು ಕೇಳಿ, ಕೊನೆಯ ಹಾಡಿನ ಎಲ್ಲ ಟ್ರ್ಯಾಕುಗಳನ್ನೂ 24 ಬಿಟ್ ಫೈಲುಗಳಾಗಿ ಅವಳಿಗೆ ಕಳಿಸಿದೆ. ಸ್ವಲ್ಪ ಸಮಯದ ನಂತರ ಅವಳು ತನ್ನ ಮಿಕ್ಸ್ ಕಳಿಸಿದಳು. ನನ್ನ ದನಿಯ ಮೈಕನ್ನು ತುಂಬಾ ಇಳಿಸಿ, ವಯಲಿನ್ ಮೈಕನ್ನೇ ಮುಂದೆ ತಂದಿದ್ದಳು. ನನ್ನ ದನಿ ಬಹುಪಾಲು ವಯಲಿನ್ ಮೈಕಿಗೆ ಸೋರಿದ್ದರಿಂದಲೇ ಕೇಳುತ್ತಿತ್ತು. ವಯಲಿನ್ ಪಕ್ಕ ನಿಂತವರಿಗೆ ನಾನು ಹೇಗೆ ಕೇಳುತ್ತೇನೋ ಹಾಗೆ.

ಅಣ್ಣನಿಗೆ ಕಳಿಸಿದೆ. “ನಾನು ಇಷ್ಟು ಧೈರ್ಯ ಮಾಡ್ತಿರಲಿಲ್ಲ” ಎಂದರು. ವಯಲಿನ್ ಗೆಳತಿ ಕೇಳಿ, “ನಾನು ಆ ಹಾಡನ್ನ ಯಾವಾಗ್ಲೂ ಹೀಗೇ ಕೇಳಿರೋದು ಕಣೋ, ನೀನೇ ಈಗ ಕೇಳ್ತಿರೋದು” ಎಂದಳು. ಈಗ ವೇದಿಕೆಯ ಮೇಲೆ ಆ ಹಾಡನ್ನು ನಾವು ಹಾಗೆಯೇ ಮಾಡುತ್ತೇವೆ. ಕೊನೆಯ ಚರಣ ಬರುವಾಗ ನಾನು ನನ್ನ ಮೈಕ್ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ನಿಂತು, ಅವಳ ಮೈಕಿಗೆ ಎಷ್ಟು ಕೇಳುತ್ತದೋ ಅಷ್ಟರಲ್ಲೇ ಹಾಡುತ್ತೇನೆ. ಆಲ್ಬಮ್ಮಿನಲ್ಲಿರುವ ರೂಪ ಹಾಗೇ ಇದೆ. ಆ ಹುಡುಗಿಯ ಮಿಕ್ಸನ್ನು ಅವಳ ಹೆಸರಿನ ಜೊತೆ ಬೇರೆಯಾಗಿ ಬಿಡಲು ತಯಾರಿ ನಡೆದಿದೆ. ಅದರ ಮಾಸ್ಟರಿಂಗ್ ಮುಗಿದಿದೆ, ಪಾಲಿನ ಕಾಗದಕ್ಕೆ ಐದನೆಯ ಸಹಿಯೂ ಬಿದ್ದಿದೆ.